ಬಾಯಿತುಂಬ ಮೂರು ನಿಮಿಷ

ಫೆಬ್ರವರಿ 3, ಸೋಮವಾರ

ಕೆಳತುಟಿಯ ಒಳಗೆ ಬಿಡಾರ ಹೂಡಿರುವ ದೊಡ್ಡಪ್ಪನವರು ಕ್ಷೇಮವೇ? ನಾಲಿಗೆಯ ಎಡ ಅಂಚಿನ ಅವಳಿಗಳಿಗೆ ರಾತ್ರಿ ನಿದ್ದೆ ಬಂತೇ? ನನಗಂತೂ ಬರಗೊಡಲಿಲ್ಲ. ಒಸಡಿನ ಬುಡದಲ್ಲಿ ನಿನ್ನೆ ತಾನೇ ಹುಟ್ಟಿದ ಕೂಸು ದಷ್ಟಪುಷ್ಟವಾಗಿ ಬೆಳೆಯುತ್ತಿದೆ ಎಂದು ಬೆಳಿಗ್ಗೆ ಕನ್ನಡಿ ತಿಳಿಸಿತು. ಇತ್ತ ನಾನೊಬ್ಬನೇ ಕ್ಷೇಮವಿಲ್ಲ.

ನಲವತ್ತು ವರ್ಷ ನೆಂಟರಿಷ್ಟರಿಗೆ ಕಾಗದ ಬರೆದ ಕೈ ಇದು. ಹೊಸ ಪುಸ್ತಕ ತೆರೆದರೂ ಕ್ಷೇಮಸಮಾಚಾರದಿಂದಲೇ ಶುರುಮಾಡುತ್ತದೆ. ಈ ಪುಸ್ತಕ ಹಲ್ಲಿನ ಡಾಕ್ಟರಮ್ಮನ ಅಪ್ಪಣೆ. "ಎಷ್ಟು ಹುಣ್ಣು, ಎಲ್ಲೆಲ್ಲಿ, ಹತ್ತಕ್ಕೆ ಎಷ್ಟು ನೋವು, ದಿನಾ ಬರೆದಿಡಿ. ಒಂದೇ ಸಾಲು ಸಾಕು," ಎಂದರು. ಒಂದೇ ಸಾಲಿನಲ್ಲಿ ನಾನು ವಿಳಾಸವನ್ನೂ ಬರೆದವನಲ್ಲ. ಅವರಿಗೆ ಬೇಕಾದ ಸಾಲನ್ನು ಬೇರೆ ಚೀಟಿಗೆ ಇಳಿಸಿ ಕೊಟ್ಟರಾಯಿತು. ಉಳಿದದ್ದು ನನಗೆ.

ಈ ನೆಂಟರು ಎರಡು ಮೂರು ತಿಂಗಳಿಗೊಮ್ಮೆ ಕರೆಯದೆ ಬರುವವರು. ಹತ್ತು ಹದಿನೈದು ದಿನ ಇದ್ದು ಹೋಗುತ್ತಾರೆ. ಇಷ್ಟು ವರ್ಷ ಹೇಗೋ ಸಹಿಸಿಕೊಂಡೆ. ಈ ಸಲ ಮಾತ್ರ ಬರಬಾರದ ಹೊತ್ತಿನಲ್ಲಿ ಬಂದಿದ್ದಾರೆ. ಇಪ್ಪತ್ತೆಂಟನೇ ತಾರೀಖಿಗೆ ವರ್ಷದ ಹೊಂದಾಣಿಕೆ ಇದೆ.

ನನ್ನ ಕೆಲಸ ಚಹಾದ ರುಚಿ ನೋಡುವುದು. ಹದಿನೆಂಟನೇ ವಯಸ್ಸಿಗೆ ಈ ಕಂಪನಿಗೆ ಕಪ್ಪು ತೊಳೆಯಲು ಸೇರಿದೆ, ತೊಳೆಯುವ ಮುಂಚೆ ತಳದಲ್ಲಿ ಉಳಿದದ್ದನ್ನು ನೆಕ್ಕಿ ನೆಕ್ಕಿ ವಿದ್ಯೆ ಕಲಿತೆ. ಈಗ ರುಚಿಕೋಣೆಯಲ್ಲಿ ಕಿಟಕಿ ಪಕ್ಕದ ಜಾಗ ನನ್ನದು. ಅಲ್ಲಿ ನಿಂತವನ ಮಾತೇ ಕೊನೆಯ ಮಾತು. ಇಪ್ಪತ್ತೊಂದು ವರ್ಷದಿಂದ ಬೇರೆ ಯಾರೂ ಅಲ್ಲಿ ನಿಂತಿಲ್ಲ. ಪ್ರತಿ ವರ್ಷ ಹೊಸ ಎಲೆ ಬಂದಾಗ ಅದನ್ನು ಬೆರೆಸಿ ಬೆರೆಸಿ ಹೋದ ವರ್ಷದ ಪುಡಿಯ ರುಚಿಯೇ ಬರುವಂತೆ ಮಾಡಬೇಕು. ಅದಕ್ಕೆ ಹೊಂದಾಣಿಕೆ ಎನ್ನುತ್ತೇವೆ. ಯಾವ ಎಲೆ ಎಷ್ಟು ಎಂಬುದು ಎಲ್ಲೂ ಬರೆದಿಟ್ಟಿಲ್ಲ. ನನ್ನ ನಾಲಿಗೆಯ ಮೇಲಿದೆ. ಆ ನಾಲಿಗೆಯ ಮೇಲೆ ಈಗ ಅವಳಿಗಳು ಕೂತಿವೆ.

ಕಂಪನಿಯಲ್ಲಿ ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ.

ಫೆಬ್ರವರಿ 4, ಮಂಗಳವಾರ

ಹುಣ್ಣು ನಾಲ್ಕು. ನೋವು ಏಳು.

ಔಷಧಿ ಶುರುವಾಯಿತು. ಊತ, ಉರಿ ಇಳಿಸುವ ಸಣ್ಣ ಮಾತ್ರೆ. ನುಂಗುವ ಹಾಗಿಲ್ಲ, ಎರಡು ಚಮಚ ನೀರಿನಲ್ಲಿ ಕರಗಿಸಿ, ಮುಕ್ಕಳಿಸಿ ಉಗುಳಬೇಕು. ದಿನಕ್ಕೆ ನಾಲ್ಕು ಸಲ. ಆಮೇಲೆ ಅರ್ಧ ಗಂಟೆ ಬಾಯಿಗೆ ಏನೂ ಹಾಕಬಾರದು.

"ಇದು ಹುಣ್ಣನ್ನ ಬುಡಸಮೇತ ಕೀಳೋ ಔಷಧಿ ಅಲ್ಲ. ಬೇಗ ಮಾಯೋ ಹಾಗೆ ಮಾಡುತ್ತೆ, ಅಷ್ಟೇ. ನುಂಗಬೇಡಿ ಮಾತ್ರ," ಎಂದಿದ್ದರು ಡಾಕ್ಟರಮ್ಮ.

"ನುಂಗೋದಾ? ಬಾಯಿಗೆ ಹಾಕಿದ್ದನ್ನ ಉಗುಳಿಯೇ ನಲವತ್ತೆಂಟು ವರ್ಷ ಸಂಬಳ ತಗೊಂಡವನು ನಾನು," ಎಂದೆ.

ಅವರು ನಕ್ಕು, ಆಮೇಲೆ ಎಷ್ಟು ನಿಮಿಷ, ಹೇಗೆ ಎಂದು ಏನೋ ಹೇಳುತ್ತಿದ್ದರು. ಅಷ್ಟರಲ್ಲಿ ನಾನು, ಹರೆಯದಲ್ಲಿ ಆರು ಅಡಿ ದೂರದ ಡಬ್ಬಕ್ಕೆ ಗುರಿಯಿಟ್ಟು ಉಗುಳುತ್ತಿದ್ದ ಕತೆ ಶುರುಮಾಡಿದ್ದೆ. ಅವರಿಗೆ ಬಹಳ ಹಿಡಿಸಿತು ಅಂತ ಕಾಣುತ್ತದೆ, ತಲೆಯ ಮೇಲೆ ಕೈ ಇಟ್ಟುಕೊಂಡು ಕೇಳಿದರು.

ಔಷಧಿಯ ಬಗ್ಗೆ ನನ್ನ ಅಭಿಪ್ರಾಯ: ಬಣ್ಣವಿಲ್ಲ, ಮೈ ಇಲ್ಲ, ಹಿಂದಿನಿಂದ ಬಂದು ಹೆಗಲು ತಟ್ಟುವಂಥ ಕಹಿ. ದರ್ಜೆ ಮೂರು. ನಮ್ಮ ಗೋದಾಮಿಗೆ ಬಂದಿದ್ದರೆ ಗೇಟಿನಿಂದಲೇ ವಾಪಸು ಕಳಿಸುತ್ತಿದ್ದೆ.

ಫೆಬ್ರವರಿ 6, ಗುರುವಾರ

ಹುಣ್ಣು ನಾಲ್ಕು. ನೋವು ಎಂಟು.

ಬಿಸಿ ಚಹಾ ಬಾಯಿಗೆ ಹೋದರೆ ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಸಿಡಿಯುತ್ತದೆ. ಇವತ್ತು ಇಪ್ಪತ್ತು ಕಪ್ಪು. ಚಮಚದಿಂದ ಸುರ್ ಎಂದು ಎಳೆದಂತೆ ಮಾಡಿ, ತುಟಿಯ ತುದಿಗಷ್ಟೇ ಸೋಕಿಸಿ, ಥೂ ಎಂದೆ. ಸದ್ದಿನಲ್ಲಿ ಕೊರತೆ ಇರಲಿಲ್ಲ. ಹದಿನಾಲ್ಕನೇ ಮೂಟೆಯ ಎಲೆಯನ್ನು ಬರೀ ಬಣ್ಣ ನೋಡಿ "ಪಾಸ್" ಎಂದೆ.

ಎರಡನೇ ಮೇಜಿನಲ್ಲಿ ನನ್ನ ತಂಗಿಯ ಮಗಳು ಇದ್ದಾಳೆ. ಬಂದು ಮೂರು ವರ್ಷವಾಯಿತು. ಎಲ್ಲೋ ಪರೀಕ್ಷೆ ಕಟ್ಟಿ ಸರ್ಟಿಫಿಕೇಟು ತಂದವಳು. ಪ್ರತಿ ಕಪ್ಪಿಗೂ ಹತ್ತಕ್ಕೆ ಇಷ್ಟು ಎಂದು ಅಂಕಿ ಹಾಕುತ್ತಾಳೆ. ನಾನು ಅವಳಿಗೆ ಅಂಕಿಯಮ್ಮ ಎಂದು ಹೆಸರಿಟ್ಟಿದ್ದೇನೆ. ರುಚಿಗೆ ಅಂಕಿ ಹಾಕುವುದು ಮಗುವಿನ ನಗುವನ್ನು ತಕ್ಕಡಿಯಲ್ಲಿ ತೂಗಿದ ಹಾಗೆ.

ನಾನು "ಪಾಸ್" ಎಂದಾಗ ತಲೆಯೆತ್ತಿ ನೋಡಿದಳು. ತನ್ನ ಪುಸ್ತಕದಲ್ಲಿ ಏನೋ ಅಂಕಿ ಬರೆದುಕೊಂಡಳು.

ತಂಗಿಯಿಂದ ಕಾಗದ ಇಲ್ಲ. ಐದು ತಿಂಗಳಾಯಿತು. ಅಂಚೆಯವನ ಕಾಲಿಗೆ ಏನಾಗಿದೆಯೋ.

ಫೆಬ್ರವರಿ 10, ಸೋಮವಾರ

ಹುಣ್ಣು ಐದು! ನೋವು ಎಂಟೂವರೆ. (ಅಂಕಿಯಮ್ಮನ ಚಾಳಿ ನನಗೂ ತಗುಲಿತು.)

ಆರು ದಿನ ದಿನಕ್ಕೆ ನಾಲ್ಕು ಸಲ ತಪ್ಪದೆ ಹಾಕಿಕೊಂಡೆ. ಕಲ್ಲಿನ ಮೇಲೆ ಮಳೆ ಹೊಯ್ದ ಹಾಗಾಯಿತು. ಡಾಕ್ಟರಮ್ಮನ ಔಷಧಿಗೆ ದಮ್ಮಿಲ್ಲ ಎಂದು ಮನೆಯಾಕೆಗೆ ಹೇಳಲು ಹೋದೆ. "ದಮ್ಮು" ಎನ್ನುವಾಗ ಅವಳಿಗಳು ಹಲ್ಲಿಗೆ ತಾಗಿ, ಅರ್ಧಕ್ಕೇ ನಿಲ್ಲಿಸಿದೆ.

"ಮದುವೆಯಾದಾಗಿಂದ ಈ ಮನೇಲಿ ಇಷ್ಟು ಶಾಂತಿ ಯಾವತ್ತೂ ಇರ್ಲಿಲ್ಲ," ಎಂದಳು ಅವಳು, ಬಟ್ಟೆ ಮಡಿಸುತ್ತಾ. "ಔಷಧಿ ಕೆಲಸ ಮಾಡ್ತಿಲ್ಲ ಅಂತ ಯಾರು ಹೇಳಿದ್ದು?"

ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅದನ್ನು ನೋಡಿಕೊಂಡೇ ಕೇಳಿದ್ದು ಅವಳು.

ಫೆಬ್ರವರಿ 11, ಮಂಗಳವಾರ

ಸಿಕ್ಕಿಬಿದ್ದೆ.

ರುಚಿಕೋಣೆಯ ಹಿಂದೆ ಕಪ್ಪು ತೊಳೆಯುವ ಸಿಂಕ್ ಇದೆ. ಹನ್ನೊಂದು ಗಂಟೆಗೆ ಅಲ್ಲಿ ನಿಂತು ಮಾತ್ರೆ ಕರಗಿಸಿ, ಸುರ್ರ್, ಥೂ ಎಂದು ಮುಗಿಸಿ ತಿರುಗಿದರೆ ಬಾಗಿಲಲ್ಲಿ ಅಂಕಿಯಮ್ಮ.

"ಮಾವ, ಅದು ಯಾವ ಎಲೆ?"

"ನೀರು."

"ನೀರಿಗೆ ಯಾರಾದ್ರೂ ಹಂಗೆ ಸುರ್ ಅಂತಾರಾ? ಕೊಡಿ ಇಲ್ಲಿ." ಮಾತ್ರೆಯ ಹಾಳೆಯನ್ನು ಕೈಯಿಂದ ಕಿತ್ತುಕೊಂಡು ಓದಿದಳು. "ಇದು ಬಾಯಿಹುಣ್ಣಿಂದು. ಅಮ್ಮಂಗೂ ಇದೇ ಕೊಟ್ಟಿದ್ರು. ಎಷ್ಟು ದಿನದಿಂದ?"

"ಒಂದು ವಾರ. ಪ್ರಯೋಜನ ಇಲ್ಲ. ಔಷಧೀನೇ ಸರಿಯಿಲ್ಲ."

"ಎಷ್ಟು ಹೊತ್ತು ಬಾಯಲ್ಲಿ ಇಟ್ಕೊಂಡ್ರಿ?"

"ಎಷ್ಟು ಬೇಕೋ ಅಷ್ಟು."

"ಎರಡು ಸೆಕೆಂಡು! ನಾನೇ ಕೇಳಿಸ್ಕೊಂಡೆನಲ್ಲ. ಮಾವ, ಅದನ್ನ ಮೂರು ನಿಮಿಷ ಇಟ್ಕೋಬೇಕು. ಮೂರು ನಿಮಿಷ, ಹುಣ್ಣಿನ ಮೇಲೆ ಆಡಿಸ್ತಾ! ನೀವು ಒಂದು ವಾರದಿಂದ ಔಷಧಿ ರುಚಿ ನೋಡಿ ಉಗುಳ್ತಾ ಇದೀರಾ?"

ಹೌದಲ್ಲ ಎಂದು ನನಗೆ ಹೊಳೆದದ್ದೇ ಆಗ. ನಲವತ್ತೆಂಟು ವರ್ಷದ ಅಭ್ಯಾಸ. ಬಾಯಿಗೆ ಏನು ಬಿದ್ದರೂ ಎಳೆ, ಹರಡು, ಉಗುಳು. ಬಾಯಿ ನನ್ನನ್ನು ಕೇಳದೆಯೇ ತನ್ನ ಕೆಲಸ ಮಾಡಿಬಿಟ್ಟಿತ್ತು.

"ದರ್ಜೆ ಮೂರು," ಎಂದೆ.

ಅವಳು ಸಿಂಕನ್ನು ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು. ನನಗೆ ಸಿಟ್ಟು ಬರಬೇಕಾಗಿತ್ತು, ಆದರೆ ನಕ್ಕರೆ ನೋಯುವವನಿಗೂ ನಗು ಬಂತು. ದೊಡ್ಡಪ್ಪ ಚುಚ್ಚಿದ.

"ಮ್ಯಾನೇಜರಿಗೆ ಹೇಳ್ಬೇಡ."

"ಹೇಳಲ್ಲ. ಆದ್ರೆ ಗಂಟೆ ನಾನು ಇಡ್ತೀನಿ."

ಚಹಾ ಇಳಿಯಲು ಹೊತ್ತು ನೋಡುವ ಗಡಿಯಾರ ಇದೆ, ಮುಗಿದಾಗ ಟ್ರಿಣ್ ಎನ್ನುವಂಥದ್ದು. ಆರಕ್ಕೆ ಇರುತ್ತಿದ್ದ ಮುಳ್ಳನ್ನು ಮೂರಕ್ಕೆ ತಿರುಗಿಸಿ ಸಿಂಕಿನ ಮೇಲಿಟ್ಟಳು. ಇನ್ನೊಂದು ಮಾತ್ರೆ ಕರಗಿತು. ಬಾಯಿ ತುಂಬ ನೀರು ಹಿಡಿದು, ಕೆನ್ನೆ ಉಬ್ಬಿಸಿಕೊಂಡು ಗೋಡೆ ನೋಡುತ್ತಾ ನಿಂತೆ. ಮೂರು ನಿಮಿಷ ಎಂದರೆ ಇಷ್ಟು ಉದ್ದ ಎಂದು ಗೊತ್ತಿರಲಿಲ್ಲ. ಆ ಮೂರು ನಿಮಿಷವೂ ಅವಳು ಮಾತಾಡಿದಳು. ನನ್ನೆದುರು ಯಾರಾದರೂ ಒಂದೇ ಸಮನೆ ಅಷ್ಟು ಹೊತ್ತು ಮಾತಾಡಿದ್ದು ನನಗೆ ನೆನಪಿಲ್ಲ.

ಫೆಬ್ರವರಿ 14, ಶುಕ್ರವಾರ

ಹುಣ್ಣು ಐದು. ಹೊಸದಿಲ್ಲ. ನೋವು ಐದು. ಗಂಜಿಯಂಥದ್ದು ಬಿಟ್ಟು ಇವತ್ತು ಗಟ್ಟಿ ಊಟ ಮಾಡಿದೆ.

ಅಂಕಿಯಮ್ಮ ಮೂರು ನಿಮಿಷವನ್ನು ಹಾಳುಮಾಡುವವಳಲ್ಲ. ನನ್ನ ಬಾಯಿ ತುಂಬಿದ ತಕ್ಷಣ ಕಾಗದ, ಪೆನ್ನು ಹಿಡಿದು, ರುಚಿಗಳಿಗೆ ನಾನಿಟ್ಟ ಹೆಸರುಗಳ ಅರ್ಥ ಕೇಳಲು ಬರುತ್ತಾಳೆ.

"ಇಸ್ತ್ರಿ ಹಾಕಿದ ಚಹಾ ಅಂತೀರಲ್ಲ, ಅದು ಖಡಕ್ಕಿಗಾ, ಬಾಯಿ ಒಣಗೋದಕ್ಕಾ? ಖಡಕ್ಕಿಗಾದ್ರೆ ತಲೆ ಆಡಿಸಿ."

ಆಡಿಸಿದೆ.

"ಹತ್ತಕ್ಕೆ ಎಷ್ಟು? ಬೆರಳು ತೋರಿಸಿ."

ಎಂಟು ಬೆರಳು ತೋರಿಸಿದೆ.

"ನಿದ್ದೆಗೆಟ್ಟ ಚಹಾ? ಹಳೇ ಎಲೆನಾ? ಅಲ್ವಾ? ಹಂಗಾದ್ರೆ ಜಾಸ್ತಿ ಒಣಗಿಸಿದ್ದಾ? ಹೂಂ. ಎಷ್ಟು? ಮೂರಾ! ಮೂರಕ್ಕೆ ಪಾಪ ಅದನ್ನ ಅಷ್ಟು ಬೈಯೋದಾ ಮಾವ?"

ಬೆರಳಲ್ಲಿ ವಾದ ಮಾಡಲಾಗುವುದಿಲ್ಲ. ಟ್ರಿಣ್ ಎಂದ ಮೇಲೆ ನನ್ನ ಬಳಿ ಹೇಳಲು ಹತ್ತು ಮಾತಿದ್ದವು, ಅಷ್ಟರಲ್ಲಿ ಅವಳು ಕೆಟಲಿನ ಕಡೆ ಹೋಗಿದ್ದಳು. ಹಾಗಾಗಿ ಒಂದು ಚೀಟಿಯಲ್ಲಿ ಬರೆದು ಅವಳ ಮೇಜಿನ ಮೇಲಿಟ್ಟೆ. 'ಕೆಳಗಿನ ತೋಟದ ಎಲೆ ಮೂರು ಪಾಲು, ಮೇಲಿನದು ಒಂದು, ಮಳೆ ಹೆಚ್ಚಾದ ವರ್ಷ ಒಂದೂವರೆ.' ಅವಳ ಪ್ರಶ್ನೆಗೆ ಉತ್ತರ, ಅಷ್ಟೇ. ಯಾರಿಗೂ ಏನೂ ಕಲಿಸುತ್ತಿಲ್ಲ ನಾನು.

ಫೆಬ್ರವರಿ 17, ಸೋಮವಾರ

ಹುಣ್ಣು ಮೂರು. ಒಸಡಿನ ಕೂಸು ಹೋಯಿತು. ಅವಳಿಗಳಲ್ಲೊಂದು ನಿನ್ನೆ ಕಣ್ಣುಮುಚ್ಚಿತು. ಸಂತಾಪಗಳು.

ಇವತ್ತು ಗೋದಾಮಿಗೆ ಹೋಗಿದ್ದೆ. ಮೂಲೆಯಲ್ಲಿ ಹದಿನಾಲ್ಕನೇ ಮೂಟೆ ಬೇರೆಯಾಗಿ ನಿಂತಿತ್ತು. ಮೇಲೆ ಸೀಮೆಸುಣ್ಣದಲ್ಲಿ 'ತಡೆಯಿರಿ' ಎಂದು ಅಂಕಿಯಮ್ಮನ ಅಕ್ಷರ. ತಾರೀಖು ಫೆಬ್ರವರಿ ಆರು.

"ಇದನ್ನ ನಾನು ಪಾಸ್ ಮಾಡಿದ್ದೆನಲ್ಲ?"

"ಹೂಂ ಮಾವ. ಇನ್ನೊಂದ್ಸಲ ನೋಡೋಣ ಅಂತ ಇಟ್ಟಿದೀನಿ. ಅರ್ಜೆಂಟೇನಿಲ್ಲ."

ಒಂದು ಕಪ್ಪು ಮಾಡಿಸಿ, ಆರಲು ಬಿಟ್ಟು, ನಿಜವಾಗಿ ಬಾಯಿ ತುಂಬ ಎಳೆದೆ. ಹೊಗೆ. ಬೆಂಕಿ ಬಿದ್ದ ಮನೆಯಿಂದ ಓಡಿಬಂದವರ ಬಟ್ಟೆಯಷ್ಟು ಹೊಗೆ. ಅದು ಬೆರಕೆಗೆ ಬಿದ್ದಿದ್ದರೆ ಇಡೀ ವರ್ಷದ ಪುಡಿ ಹಾಳಾಗಿ ನಮ್ಮ ಕಂಪನಿಯ ಹೆಸರು ಮಣ್ಣುಪಾಲಾಗುತ್ತಿತ್ತು. ಹನ್ನೊಂದು ದಿನದಿಂದ ಅವಳು ಇದರ ಬಗ್ಗೆ ಯಾರಿಗೂ ಒಂದು ಮಾತು ಹೇಳಿಲ್ಲ. ನನಗೂ.

ಒಮ್ಮೊಮ್ಮೆ ಕುರುಡನ ಕಲ್ಲೂ ಗುರಿ ಮುಟ್ಟುತ್ತದೆ ಎಂದುಕೊಂಡು ಮನೆಗೆ ಬಂದೆ. ದಾರಿಯಲ್ಲಿ, ಕುರುಡ ಯಾರು ಎಂಬ ಪ್ರಶ್ನೆ ಎದ್ದಿತು. ಬಸ್ಸು ಬಂದದ್ದರಿಂದ ಅಲ್ಲಿಗೇ ಬಿಟ್ಟೆ.

ನೋವು ನಾಲ್ಕು. ಎಲ್ಲವೂ ಹುಣ್ಣಿನದಲ್ಲ ಅನ್ನಿಸುತ್ತದೆ. ಡಾಕ್ಟರಮ್ಮನ ಚೀಟಿಗೆ ಎರಡು ಎಂದು ಬರೆದೆ.

ಫೆಬ್ರವರಿ 19, ಬುಧವಾರ

ಹುಣ್ಣು ಎರಡು. ದೊಡ್ಡಪ್ಪ ಗಂಟುಮೂಟೆ ಕಟ್ಟುತ್ತಿದ್ದಾನೆ.

ಅಂಚೆಯವನ ಕಾಲು ಚೆನ್ನಾಗಿಯೇ ಇದೆ. ಇವತ್ತು ಪಕ್ಕದ ಮನೆಗೆ ಮೂರು ಕಾಗದ ಹಾಕಿದ. ತಂಗಿ ಯಾಕೆ ಬರೆಯುತ್ತಿಲ್ಲ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಐದು ತಿಂಗಳ ಹಿಂದೆ ಅವಳ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ, ಅಂಕಿಯಮ್ಮ ಯಾವಾಗ ದೊಡ್ಡ ಕೆಲಸಕ್ಕೆ ಬರುತ್ತಾಳೆ ಎಂದು ಯಾರೋ ಕೇಳಿದರು. "ನಿನ್ನ ಮಗಳಿಗೆ ನಾಲಿಗೆ ಇರೋದು ಮಾತಾಡೋಕೆ ಮಾತ್ರ ಕಣೆ," ಎಂದೆ ನಾನು. ಎಲ್ಲರೂ ನಕ್ಕರು. ತಂಗಿ ನಗಲಿಲ್ಲ. ತಂಗಿಯ ಮಗಳು ನಕ್ಕಳು, ಎದ್ದು ನೀರು ತರಲು ಹೋದಳು, ತುಂಬ ಹೊತ್ತು ಬರಲಿಲ್ಲ.

ತಮಾಷೆಗೆ ಅಂದದ್ದು.

ಫೆಬ್ರವರಿ 22, ಶನಿವಾರ

ಡಾಕ್ಟರಮ್ಮನ ಬಳಿ ಹೋಗಿದ್ದೆ. ಬಾಯಿಗೆ ದೀಪ ಬಿಟ್ಟು ನೋಡಿ ಮೆಚ್ಚಿಕೊಂಡರು. ಅವರು ಮಾಡಿಸಿದ್ದ ರಕ್ತಪರೀಕ್ಷೆಯಲ್ಲೂ ತೊಂದರೆಯಿಲ್ಲ. ಉರಿ ಕಡಿಮೆಯಿರುವ ಬೇರೆ ಟೂತ್‌ಪೇಸ್ಟು ಬರೆದುಕೊಟ್ಟರು. ಚಹಾ ಆರಿಸಿ ಬಾಯಿಗೆ ಹಾಕಿ ಎಂದರು. ಮೊದಲ ವಾರದ ಕತೆ ಹೇಳಿದೆ.

"ಅದಕ್ಕೇ ಆವತ್ತು ಮೂರು ಸಲ ಹೇಳಿದ್ದು ನಾನು," ಎಂದರು.

"ಮೂರು ಸಲವಾ?"

"ನೀವು ಉಗುಳೋ ಡಬ್ಬದ ಕತೆ ಹೇಳ್ತಾ ಇದ್ರಿ. ಇರಲಿ. ಈಗ ಔಷಧಿ ನಿಲ್ಲಿಸಿ. ಸದಾ ಹಾಕ್ಕೊಳ್ಳೋದಲ್ಲ ಇದು. ಹಾಳೆ ಜೇಬಲ್ಲಿರಲಿ. ಮತ್ತೆ ಎಲ್ಲಾದ್ರೂ ಚುರುಚುರು ಅಂತು ಅಂದ್ರೆ ಕೂಡ್ಲೇ ಶುರು ಮಾಡಿ, ಸಣ್ಣದ್ರಲ್ಲೇ ಮುಗಿಯುತ್ತೆ. ಚಿಂತೆ ಕಡಿಮೆ ಮಾಡಿ. ಚಿಂತೆ ಇದ್ರೂ ಬರುತ್ತೆ ಇದು."

ನನಗೇನು ಚಿಂತೆ ಎಂದು ಕೇಳಬೇಕೆಂದಿದ್ದೆ. ಅವರು ಇನ್ನೂ ಮಾತು ಮುಗಿಸಿರಲಿಲ್ಲವಾದ್ದರಿಂದ ಸುಮ್ಮನಿದ್ದೆ.

ಫೆಬ್ರವರಿ 24, ಸೋಮವಾರ

ಹುಣ್ಣು ಸೊನ್ನೆ. ನೋವು ಸೊನ್ನೆ. ಮನೆಯಲ್ಲಿ ನೆಂಟರು ಹೋದ ಮಾರನೇ ದಿನದ ಬಿಕೋ.

ಬಾಯಿ ತುಂಬ ಮಾತಾಡಿದೆ. ಮನೆಯಾಕೆ ಕಿವಿಗಿಡಲು ಹತ್ತಿ ಎಲ್ಲಿದೆ ಎಂದು ಹುಡುಕಿದಳು.

ಹನ್ನೊಂದಕ್ಕೆ ಅಂಕಿಯಮ್ಮ ವಾಡಿಕೆಯಂತೆ ಗಡಿಯಾರ ತಿರುಗಿಸಿ ಸಿಂಕಿನ ಮೇಲಿಟ್ಟಳು. ಔಷಧಿ ನಿಂತದ್ದು ಹೇಳಿರಲಿಲ್ಲ ನಾನು. ಹೇಳಲು ಬಾಯಿ ತೆರೆಯುವ ಮೊದಲೇ ಅವಳು ಮೇಲಿನ ತೋಟದ ಎಲೆಯ ವಿಷಯ ತೆಗೆದಳು. ಈ ವರ್ಷ ಅದು ಸ್ವಲ್ಪ ಮೆತ್ತಗಿದೆಯಂತೆ, ಒಂದೂವರೆ ಪಾಲು ಸಾಲದಂತೆ. ಕೆನ್ನೆ ಉಬ್ಬಿಸಿಕೊಂಡು ಗೋಡೆಯ ಕಡೆ ತಿರುಗಿ ಕೇಳಿದೆ. ಬಾಯಲ್ಲಿ ಏನೂ ಇರಲಿಲ್ಲ. ಟ್ರಿಣ್ ಎಂದಾಗ ನಲ್ಲಿ ಬಿಟ್ಟು, ಉಗುಳಿದ ಹಾಗೆ ಮಾಡಿದೆ.

ಅಭ್ಯಾಸ ಬಲ.

ಫೆಬ್ರವರಿ 28, ಶುಕ್ರವಾರ

ಇವತ್ತು ಹೊಂದಾಣಿಕೆಯ ದಿನ. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಆಸ್ಪತ್ರೆ ಕ್ಯಾಂಟೀನುಗಳಿಗೆಲ್ಲ ನಮ್ಮ ಪುಡಿ ಕೊಳ್ಳುವ ದೊಡ್ಡ ಗಿರಾಕಿ ಹತ್ತೂವರೆಗೆ ಬಂದರು. ಹನ್ನೊಂದೂವರೆಗೆ ಅವರ ರೈಲುಗಾಡಿ. ಮ್ಯಾನೇಜರು ಹೊಸ ಅಂಗಿ ಹಾಕಿದ್ದರು. ಮೇಜಿನ ಮೇಲೆ ನಾಲ್ಕು ಬಿಳಿ ಕಪ್ಪು: ಒಂದು, ಡಬ್ಬಿಯಲ್ಲಿ ಮುಚ್ಚಿಟ್ಟಿದ್ದ ಹೋದ ವರ್ಷದ ಪುಡಿ, ಉಳಿದ ಮೂರು, ನಾವು ಹೊಸ ಎಲೆಯಿಂದ ಬೆರೆಸಿದ್ದು. ನಾನು ಕಿಟಕಿ ಪಕ್ಕದಲ್ಲಿ, ಚಮಚ ಕೈಯಲ್ಲಿ.

ಆಗ ಕೆಳತುಟಿಯ ಒಳಗೆ, ದೊಡ್ಡಪ್ಪನ ಹಳೇ ಜಾಗದಲ್ಲಿ, ಚುರುಚುರು ಎಂದಿತು.

ರುಚಿ ನೋಡಿ, ಗಿರಾಕಿಯನ್ನು ಕಳಿಸಿ, ಆಮೇಲೆ ಔಷಧಿ ಹಾಕಿಕೊಂಡಿದ್ದರೆ ಗಂಟು ಹೋಗುತ್ತಿತ್ತೇ ಎಂದು ಮನೆಯಾಕೆ ಈಗ ಕೇಳುತ್ತಾಳೆ. ಅವಳಿಗೇನು ಗೊತ್ತು? ಡಾಕ್ಟರಮ್ಮ "ಕೂಡ್ಲೇ" ಎಂದಿದ್ದರು. ಅಪ್ಪಣೆ ಎಂದರೆ ಅಪ್ಪಣೆ.

ಚಮಚ ಕೆಳಗಿಟ್ಟು ಸಿಂಕಿಗೆ ಹೋಗಿ ಮಾತ್ರೆ ಕರಗಿಸಿದೆ. ಮ್ಯಾನೇಜರು ಹಿಂದೆಯೇ ಬಂದರು.

"ಏನ್ರೀ ಇದು? ಈಗ? ಅವರಿಗೆ ಗಾಡಿ ಇದೆ!"

ನನ್ನ ಬಾಯಿ ಅಷ್ಟರಲ್ಲಿ ತುಂಬಿತ್ತು. ಗಡಿಯಾರ ತಿರುಗಿಸಿದೆ. ಆಮೇಲೆ ಬಾಗಿಲಿಗೆ ಬಂದು ಅಂಕಿಯಮ್ಮನ ಕಡೆ ನೋಡಿ, ಕಿಟಕಿಯ ಕಡೆ ಕೈ ತೋರಿಸಿದೆ.

"ನಾನಾ?" ಎಂದಳು.

ಇನ್ನೊಮ್ಮೆ ತೋರಿಸಿದೆ. ಹೋಗಿ ನಿಂತಳು. ಚಮಚ ತನ್ನದೇ ತಂದುಕೊಂಡಳು, ಬಾಯಿಹುಣ್ಣಿನವನ ಚಮಚ ಯಾರಿಗೆ ಬೇಕು? ಮೊದಲು ಹೋದ ವರ್ಷದ್ದನ್ನು ಎಳೆದಳು. ಆಮೇಲೆ ಒಂದು, ಎರಡು, ಮೂರು. ಮತ್ತೆ ಹೋದ ವರ್ಷದ್ದಕ್ಕೆ ಹಿಂದಿರುಗಿ, ಇನ್ನೊಮ್ಮೆ ಮೂರನೆಯದು. ಕೋಣೆಯಲ್ಲಿ ಅವಳ ಸುರ್ ಎಂಬ ಸದ್ದು ಬಿಟ್ಟರೆ ಗಡಿಯಾರದ ಟಿಕ್ ಟಿಕ್.

"ಮೂರನೇದು ಹತ್ತಿರ ಇದೆ ಸರ್. ಇಸ್ತ್ರಿ ಹಾಕಿದೆ, ಆದ್ರೆ ಕಾಲರ್ ಮೆತ್ತಗಿದೆ."

"ಕಾಲರ್ ಅಂದ್ರೆ ಏನಮ್ಮಾ?" ಎಂದರು ಮ್ಯಾನೇಜರು.

"ಇಸ್ತ್ರಿ ಎಂಟಕ್ಕೆ ಬೇಕು ಸರ್. ಇದು ಆರಕ್ಕಿದೆ. ಮೇಲಿನ ತೋಟದ್ದು ಇನ್ನರ್ಧ ಪಾಲು ಹಾಕಿದ್ರೆ ಏಳುತ್ತೆ."

ಆರಲ್ಲ, ಆರೂವರೆ ಎಂದು ನನ್ನ ಗಂಟಲವರೆಗೆ ಬಂತು. ಬಂದರೇನು, ಬಾಯಿ ತುಂಬಿತ್ತು. ಮ್ಯಾನೇಜರು ನನ್ನ ಕಡೆ ತಿರುಗಿ, "ಹೌದಾ?" ಎಂದು ಹುಬ್ಬಿನಲ್ಲೇ ಕೇಳಿದರು. ಟ್ರಿಣ್ ಎಂದಿತು. ನಾನು ಇನ್ನೂ ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡೆ. ಉಗುಳಿದರೆ ಮಾತಾಡಬೇಕಾಗುತ್ತಿತ್ತು. ಹೌದೆಂದು ತಲೆ ಆಡಿಸಿದೆ.

ಅವಳು ತೂಗಿದಳು, ಬೆರೆಸಿದಳು, ಕುದಿನೀರು ಹೊಯ್ದಳು, ಆರು ನಿಮಿಷ ಬಿಟ್ಟು ಬಸಿದಳು. ಗಿರಾಕಿ ಎರಡು ಕಪ್ಪು ಅದಲು ಬದಲು ಮಾಡಿ ಕುಡಿದು ನೋಡಿದರು. "ಯಾವುದು ಹೋದ ವರ್ಷದ್ದು?" ಎಂದು ಕೇಳಿದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇಲ್ಲ. ಗಾಡಿಯೂ ಸಿಕ್ಕಿತು.

ಅರ್ಧ ಗಂಟೆ ಕಳೆದ ಮೇಲೆ, ಎಲ್ಲರೂ ಹೋದ ಮೇಲೆ, ಮೊದಲಿನ ಮೂರನೇ ಕಪ್ಪನ್ನು ಆರಿದ್ದನ್ನೇ ಎಳೆದು ನೋಡಿದೆ. ನಿಧಾನವಾಗಿ, ಬಾಯಿಯ ಮೂಲೆ ಮೂಲೆಗೂ ಹರಡಿ.

ಆರೂವರೆ ಅಲ್ಲ. ಆರೇ.

ಮಾರ್ಚ್ 2, ಭಾನುವಾರ

ಹುಣ್ಣು ಒಂದು, ಸಾಸಿವೆಕಾಳಿನಷ್ಟು. ನೋವು ಒಂದು. ಇದಕ್ಕೆ ಹೆಸರಿಡುವ ಮೊದಲೇ ಹೋಗುವ ಲಕ್ಷಣ ಇದೆ.

ತಂಗಿಗೆ ಕಾಗದ ಬರೆದೆ. ಹೊಡೆದು ಹಾಕಿದ್ದು ಬಹಳವಾದ್ದರಿಂದ, ಅಂಚೆಗೆ ಹಾಕುವ ಮುಂಚೆ ಇಲ್ಲಿ ಚೊಕ್ಕವಾಗಿ ಪ್ರತಿ ಮಾಡಿಕೊಳ್ಳುತ್ತಿದ್ದೇನೆ.

'ಪ್ರೀತಿಯ ತಂಗಿಗೆ,

ನೀನು, ಭಾವ ಕ್ಷೇಮವೇ? ನಿನ್ನ ಬಾಯಿ ಹೇಗಿದೆ? ನಿನಗೂ ಹುಣ್ಣಾಗುತ್ತಿತ್ತು, ಇದೇ ಔಷಧಿ ಕೊಟ್ಟಿದ್ದರು ಎಂದು ನಿನ್ನ ಮಗಳಿಂದ ತಿಳಿಯಿತು. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಬೇಕೆಂದಿದ್ದೆ. ಹೇಳಿದ್ದಿರಬೇಕು. ನಾನು ಆಗ ಏನಾದರೂ ಕತೆ ಹೇಳುತ್ತಿದ್ದೆನೇನೋ.

ಇಲ್ಲಿಯ ವಿಶೇಷವೇನೂ ಇಲ್ಲ. ಕಿಟಕಿಯ ಬೆಳಕು ಈಚೆಗೆ ನನ್ನ ಕಣ್ಣಿಗೆ ಹೊಡೆಯುವುದರಿಂದ ಅಲ್ಲಿ ನಿನ್ನ ಮಗಳನ್ನು ನಿಲ್ಲಿಸಿದ್ದೇನೆ. ನಾನು ಎರಡನೇ ಮೇಜಿನಲ್ಲಿದ್ದೇನೆ. ಇಲ್ಲಿ ಸಿಂಕ್ ಹತ್ತಿರ, ಮುದುಕನಿಗೆ ಅನುಕೂಲ. ಹೊಂದಾಣಿಕೆ ಈ ಸಲ ಚೆನ್ನಾಗಿ ಆಯಿತು. ನಾನು ಬಾಯಿ ಬಿಡಲಿಲ್ಲ, ಅದೇ ನನ್ನ ಪಾಲಿನ ಕೆಲಸ. ಅವಳ ನಾಲಿಗೆಗೆ ನಾನು ಹತ್ತಕ್ಕೆ ಒಂಬತ್ತು ಕೊಡುತ್ತೇನೆ. ಉಳಿದ ಒಂದನ್ನು, ನನಗೆ ಹೇಳದೆ ಮೂಟೆ ತಡೆಹಿಡಿದದ್ದಕ್ಕೆ ಕಳೆದಿದ್ದೇನೆ. ಅದನ್ನೂ ಮುಂದಿನ ತಿಂಗಳು ಕೊಡುವವನಿದ್ದೇನೆ, ಅವಳಿಗೆ ಹೇಳಬೇಡ.

ಆವತ್ತು ನಿನ್ನ ಮನೆಯ ಊಟದ ಹೊತ್ತಿನಲ್ಲಿ ನಾನು ಆಡಿದ ಮಾತನ್ನು ಮೂರು ನಿಮಿಷ ಬಾಯಲ್ಲಿಟ್ಟುಕೊಳ್ಳಬೇಕಿತ್ತು. ತಪ್ಪಾಯಿತು.

ಚಿಂತೆ ಮಾಡಿದರೆ ಹುಣ್ಣು ತಿರುಗಿ ಬರುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದಾರೆ. ನಿನ್ನ ಕಾಗದವಿಲ್ಲದೆ ಆರು ತಿಂಗಳಾಗುತ್ತಾ ಬಂತು. ಒಂದೇ ಸಾಲು ಸಾಕು. ಬೈಯುವುದಿದ್ದರೆ ಹಾಳೆ ತುಂಬ ಬರಿ, ನಡುವೆ ಬಾಯಿ ಹಾಕದೆ ಓದುತ್ತೇನೆ. ಆದರೆ ಬೇಗ ಬರಿ.

ನಿನ್ನ ಅಣ್ಣ'